ಹುಬ್ಬಳ್ಳಿ ದುರ್ಗದಬೈಲ್‌ನ್ಯಾಗ ತಗೊಂಡ 100 ಎಂಎಲ್ ಟ್ರಾವೆಲ್ ಬಾಟ್ಲಿ ಸೆಟ್: ಬಾಟ್ಲಿ ಛಲೋ, ಪೌಚ್ ಅಷ್ಟಕ್ಕಷ್ಟ

ಮೊದಲ ಹೇಳಿಬಿಡ್ತೀನಿ, ಬಾಟ್ಲಿ ಸಲುವಾಗಿ ಈ ಸೆಟ್ ತಗೋಬಹುದು, ಅದರ ಜೋಡಿ ಬರೋ ಪೌಚ್ ನಂಬಿ ಯಾರೂ ತಗೋಬ್ಯಾಡ್ರಿ. ನಾಕು ಸಿಲಿಕಾನ್ ಬಾಟ್ಲಿ, ಕ್ರೀಮ್ ತುಂಬಾಕ ಎರಡು ಸಣ್ಣ ಡಬ್ಬಿ, ಒಂದು ಪುಟ್ಟ ಫನೆಲ್ಲು, ಇದೆಲ್ಲಾ ಹಾಕಾಕ ಒಂದು ಜಿಪ್ಪಿನ ಪ್ಲಾಸ್ಟಿಕ್ ಪೌಚು. 350 ಹೇಳಿದ್ರು, ಚೌಕಾಶಿ ಮಾಡಿ 280ಕ್ಕ ಬಂತು. ಸೆಟ್ಟಿನ ಪ್ಯಾಕಿಂಗ್ ಮ್ಯಾಲ ದೊಡ್ಡ ಅಕ್ಷರದಾಗ ‘ಆಲ್ ಏರ್‌ಪೋರ್ಟ್ ಅಪ್ರೂವ್ಡ್’ ಅಂತ ಬರದಾರ. ಅಂಗಡಿಯಂವಾನೂ "ಅಕ್ಕಾರ, ಎಲ್ಲಾ ದೇಶಕ್ಕೂ ನಡೀತೈತಿ, ಕಣ್ ಮುಚ್ಕೊಂಡ ಒಯ್ರಿ" ಅಂದ. ಶಾಂಪೂ ಬಾಟ್ಲಿಗೆ ಯಾವ ಏರ್‌ಪೋರ್ಟಿನವರೂ ಅಪ್ರೂವಲ್ ಅಂತ ಕೊಡಂಗಿಲ್ರಿ, ಅವರು ನೋಡೋದು ಅಳತಿ ಅಷ್ಟ, ಕೈಚೀಲದಾಗಿನ ನೀರಪದಾರ್ಥದ ಬಾಟ್ಲಿ ಒಂದೊಂದೂ 100 ಎಂಎಲ್ ದಾಟಬಾರ್ದು ಅಂತ, ಆ ಅಳತೀನೂ ದೇಶಕ್ಕೊಂದು ಥರ ನೋಡ್ತಾರ.

ಈಗ ಯಾರಿಗೆ ಬೇಕು ಯಾರಿಗೆ ಬ್ಯಾಡ. ಗೋಕುಲ ರೋಡಿನ ನಮ್ಮ ಏರ್‌ಪೋರ್ಟಿನಿಂದ ಬರೇ ಬೆಂಗಳೂರು, ಮುಂಬೈ ಅಂತ ಅಡ್ಡಾಡೋರಿಗೆ ಈ ಖರ್ಚು ಬ್ಯಾಡ. ದೇಶದ ಒಳಗಿನ ವಿಮಾನಕ್ಕ 100 ಎಂಎಲ್ ಲೆಕ್ಕ ಅಷ್ಟ ಬಿಗಿಯಾಗಿ ಹಿಡಿಯಂಗಿಲ್ಲ, ನೀರಿನ ಬಾಟ್ಲಿ ಆರಾಮ್ ಒಳಗ ಹೊಕ್ಕೈತಿ, ಭಾಳ ಅಂದ್ರ ಬಾಟ್ಲಿ ಕೈಯಾಗ ಹಿಡದು ಅಲ್ಲಾಡಿಸಿ ನೋಡ್ತಾರ. ನಮ್ಮಲ್ಲಿ ತಕರಾರು ಇರೋದು ಖಾರದ ಮ್ಯಾಲ. ಉಳಿದ ಉಪ್ಪಿನಕಾಯಿ ನಡೀತಾವು, ಮೆಣಸಿನಕಾಯಿ ಉಪ್ಪಿನಕಾಯಿ ಮತ್ತ ಖಾರದಪುಡಿ ಕೈಚೀಲದಾಗ ನಡೆಯಂಗಿಲ್ಲ, ಹಂಗಾಗಿ ಬ್ಯಾಡಗಿ ಖಾರದಪುಡಿ, ರಂಜಕ ಎಲ್ಲಾ ಚೆಕ್‌ಇನ್ ಲಗೇಜಿಗೆ. ಇನ್ನೊಂದು, ಒಣ ಕೊಬ್ಬರಿ. ಇದು ನೀರಲ್ಲ ನಿಡಿಯಲ್ಲ ಖರೆ, ಆದ್ರ ಎಣ್ಣಿ ಅಂಶ ಇದ್ದು ಬೆಂಕಿ ಹತ್ತೋ ಸಾಮಾನು ಅಂತ ಕೈಚೀಲಕ್ಕೂ ಇಲ್ಲ, 2022ರಿಂದ ಚೆಕ್‌ಇನ್ನಿಗೂ ಇಲ್ಲ. ನಮ್ಮ ಕಡೆ ಹೊರಡೋ ಹೊತ್ತಿಗೆ ಯಾರರೆ ಹಿರಿಯರು ಉಡಿ ತುಂಬೇ ತುಂಬ್ತಾರ, ಆ ಕೊಬ್ಬರಿ ಬಟ್ಲ ವ್ಯಾನಿಟಿ ಬ್ಯಾಗಿನ್ಯಾಗ ಹಂಗ ಉಳದಿರ್ತೈತಿ, ಮನ್ಯಾಗ ತಗದಿಟ್ಟು ಅಕ್ಕಿಕಾಳು ಅಷ್ಟ ಸೆರಗಿಗೆ ಕಟಗೊಂಡು ನಡೀರಿ.

ಸೆಟ್ ಬೇಕಾಗೋದು ಹುಬ್ಬಳ್ಳಿಯಿಂದ ಹೊಂಟು ಬೆಂಗಳೂರು ಇಲ್ಲಾ ಮುಂಬೈ ಹಿಡದು ಹೊರದೇಶಕ್ಕ ಹೋಗೋರಿಗೆ. ಇಲ್ಲೇ ಒಂದು ಫಜೀತಿ ಐತಿ, ಇದನ್ನ ಟಿಕೆಟ್ ಮಾಡಿಕೊಡೋರೂ ಹೇಳಂಗಿಲ್ಲ. ಒಂದ ಟಿಕೆಟ್ಟಿನ್ಯಾಗ ಪೂರಾ ಪ್ರಯಾಣ ಇತ್ತಂದ್ರ ದೊಡ್ಡ ಲಗೇಜು ಹುಬ್ಬಳ್ಳಿ ಕೌಂಟರಿನ್ಯಾಗ ಹೋಗಿಬಿಡ್ತೈತಿ, ನೀವು ಕೈಚೀಲ ಹಿಡಕೊಂಡು ಇಲ್ಲಿ ಸೆಕ್ಯೂರಿಟಿ ಸಲೀಸಾಗಿ ದಾಟತೀರಿ, ಅಲ್ಲಿ ಇಂಟರ್‌ನ್ಯಾಷನಲ್ ಕಡೆ ಮತ್ತ ತಪಾಸಣೆ, ಅಲ್ಲಿ 100 ಎಂಎಲ್ ಬಿಗಿ, ಆಗ 200 ಎಂಎಲ್ ಎಣ್ಣಿ ಬಾಟ್ಲಿ ಲಗೇಜಿಗೆ ಹಾಕೋಣ ಅಂದ್ರ ಲಗೇಜ ನಿಮ್ಮ ಕೈಯಾಗ ಇಲ್ಲ, ಕಸದ ಡಬ್ಬಿ ಒಂದ ದಾರಿ. ಹುಬ್ಬಳ್ಳ್ಯಾಗ ಬಿಟ್ರು ಅಂತ ವಾದ ಮಾಡಿದ್ರ ಏನೂ ಉಪಯೋಗ ಇಲ್ರಿ. ದಾರಿಯೊಳಗ ಎಲ್ಲಾಕಿಂತ ಬಿಗಿ ಏರ್‌ಪೋರ್ಟ್ ಯಾವ್ದು ಬರ್ತೈತಿ, ಅದನ್ನ ನೋಡಿ ಮನ್ಯಾಗ ಕೈಚೀಲ ತುಂಬಬೇಕು.

ಮತ್ತ ಬಾಟ್ಲಿಯೊಳಗ ಎಷ್ಟ ಉಳದೈತಿ ಅನ್ನೋದು ಲೆಕ್ಕಕ್ಕಿಲ್ಲ, ಬಾಟ್ಲಿ ಎಷ್ಟರದು ಅನ್ನೋದು ಲೆಕ್ಕ. 200ರ ಟ್ಯೂಬಿನ್ಯಾಗ ತಳಕ್ಕ ಬಟಾಣಿಯಷ್ಟ ಪೇಸ್ಟ್ ಉಳದಿದ್ರೂ ಅದು 200ರ ಟ್ಯೂಬೇ. ಈ ಸೆಟ್ಟಿನ ಬಾಟ್ಲಿ ಬುಡಕ್ಕ 100 ಎಂಎಲ್ ಅಂತ ಅಚ್ಚ ಒತ್ಯಾರ, ಅದಕ್ಕ ನನ್ನ ಕಡೆಯಿಂದ ಪೂರಾ ಮಾರ್ಕು, ಯಾಕಂದ್ರ ತಪಾಸಣೆ ಮಾಡೋರು ಮೊದಲ ಹುಡುಕೋದು ಆ ಅಂಕಿ.

ಈ 100 ಬಂದಿದ್ದು 2006ರಾಗ. ಆ ವರ್ಷ ಆಗಸ್ಟಿನ್ಯಾಗ ಕೂಲ್‌ಡ್ರಿಂಕ್ಸ್ ಬಾಟ್ಲಿಯೊಳಗ ಸ್ಫೋಟಕ ತುಂಬಿ ಅಮೆರಿಕ, ಕೆನಡಾ ಕಡೆ ಹೋಗೋ ವಿಮಾನ ಉಡಾಯಿಸೋ ಸಂಚು ಲಂಡನ್ನಿನ್ಯಾಗ ಪೊಲೀಸರ ಕೈಗೆ ಸಿಕ್ತು. ಮೊದಲ ಎಲ್ಲಾ ನೀರಪದಾರ್ಥ ಬಂದ್ ಮಾಡಿದ್ರು, ಆಮ್ಯಾಲ ಸೆಪ್ಟೆಂಬರಿನ್ಯಾಗ ಅಮೆರಿಕದವರು, ನವೆಂಬರಿನ್ಯಾಗ ಯುರೋಪಿನವರು ಸಣ್ಣ ಬಾಟ್ಲಿ, ಒಂದು ಪಾರದರ್ಶಕ ಚೀಲ ಅನ್ನೋ ನಿಯಮಕ್ಕ ಬಂದ್ರು. ಉಳಿದ ದೇಶದವರು ಅದನ್ನ ಹಿಡಕೊಂಡ್ರು, ಆದ್ರ ತಮ್ಮ ತಮ್ಮ ಅನುಕೂಲಕ್ಕ ತಕ್ಕಂಗ.

ನಾವು ಇದನ್ನ ವಾಪರ್ಸಿದ್ದು ಅತ್ತಿಯವರ ಜೋಡಿ ಬೆಂಗಳೂರು, ಸಿಂಗಾಪುರ ಮ್ಯಾಲೆ ಮೆಲ್ಬರ್ನಿಗೆ ನಾದಿನಿ ಮನಿಗೆ ಹೋದಾಗ. ಸಿಂಗಾಪುರದಾಗ ಮೊದಲಿನ ಮೂರು ಟರ್ಮಿನಲ್ಲಿನ್ಯಾಗ ತಪಾಸಣೆ ಇರೋದು ವಿಮಾನ ಹತ್ತೋ ಗೇಟಿನ ಬಾಗಲದಾಗ, ನಮ್ಮಂಗ ಮೊದಲಿಗೆ ಅಲ್ಲ. ಅಂದ್ರ ಒಳಗ ಅಂಗಡ್ಯಾಗ ರೊಕ್ಕ ಕೊಟ್ಟು ತಗೊಂಡ ನೀರೂ ಗೇಟಿನ್ಯಾಗ ಚೆಲ್ಲಬೇಕು. ಖಾಲಿ ಬಾಟ್ಲಿ ಒಯ್ದು ಗೇಟಿನ ಒಳಗ ನಳದಾಗ ತುಂಬ್ಕೊಳ್ರಿ. ಆಸ್ಟ್ರೇಲಿಯಾದವರ ಕಥಿ ಇನ್ನೊಂದು ಥರ, ಹೊರದೇಶಕ್ಕ ಹೋಗೋ ವಿಮಾನಕ್ಕ 100 ಎಂಎಲ್, ದೇಶದ ಒಳಗ ಮೆಲ್ಬರ್ನಿನಿಂದ ಸಿಡ್ನಿಗೆ ಹೋಗಾಕ ನೀರಿಗೆ, ಶಾಂಪೂಗೆ ಏನೂ ಮಿತಿ ಇಲ್ಲ. ಆದ್ರ ಹೊರದೇಶದ ವಿಮಾನಕ್ಕ ಪುಡಿ ನೋಡ್ತಾರ. ಕಾಳುಕಡಿಯಿಂದ ಮಾಡಿದ ತಿನ್ನೋ ಪುಡಿ ಅಲ್ಲ, ಉಪ್ಪು, ಟಾಲ್ಕಮ್ ಪೌಡರಿನಂಥ ಖನಿಜದ ಪುಡಿ 350 ಎಂಎಲ್ ಮ್ಯಾಲ ಕೈಚೀಲದಾಗ ಇರಬಾರ್ದು. ಶೇಂಗಾ ಚಟ್ನಿಪುಡಿ ಆ ಲೆಕ್ಕದಾಗ ಬರಂಗಿಲ್ಲ, ರಂಗೋಲಿ ಪುಡಿ ಕಲ್ಲಿನದು, ಅದು ಬರ್ತೈತಿ.

ಅಮೆರಿಕದವರು ಒಳಗಿನ ವಿಮಾನ, ಹೊರಗಿನ ವಿಮಾನ ಅಂತ ಭೇದ ಮಾಡಂಗಿಲ್ಲ, ಎಲ್ಲಾಕೂ 3.4 ಔನ್ಸ್ ಅಂದ್ರ ಅದ 100 ಎಂಎಲ್, ಒಬ್ಬರಿಗೆ ಒಂದ ಚೀಲ, ಅದೂ ಕಾಲು ಗ್ಯಾಲನ್ ಅಂದ್ರ ಒಂದು ಲೀಟರಿಗೂ ಚೂರು ಕಮ್ಮಿ. ಅಲ್ಲಿ ಪೀನಟ್ ಬಟರೂ ನೀರಪದಾರ್ಥ. ಹಂಗಂದ್ರ ಎಣ್ಣಿ ತೇಲೋ ಚಟ್ನಿ, ತುಪ್ಪ, ಜೇನು ಎಲ್ಲಾ ಅದರಾಗ ಬಂತು, ತುಪ್ಪ ಹೆಪ್ಪುಗಟ್ಟೇತಿ ಅಂತ ಹೇಳಿದ್ರೂ ಕೇಳಂಗಿಲ್ಲ. ಅಲ್ಲಿ ತಿನ್ನೋ ಪುಡಿಗೂ ಬಿಡುಗಡೆ ಇಲ್ಲ, 2018ರಿಂದ 350 ಎಂಎಲ್‌ಗಿಂತ ದೊಡ್ಡ ಡಬ್ಬಿ ಇದ್ರ ಬ್ಯಾರೆ ತಗದು ನೋಡ್ತಾರ. ಗುರೆಳ್ಳು ಚಟ್ನಿ ಕೆಜಿಗಟ್ಟಲೆ ಕೈಚೀಲದಾಗ ಇಟ್ರ ಲೈನಿನ್ಯಾಗ ಹಿಂದಿನವರು ನಿಮ್ಮನ್ನ ಬೈಕೋತ ನಿಲ್ತಾರ.

ಬ್ರಿಟನ್ನಿನ್ಯಾಗ ಈಗ ಮಜಾ ನಡದೈತಿ. ಆಸ್ಪತ್ರ್ಯಾಗ ಇರೋ ಸಿಟಿ ಸ್ಕ್ಯಾನಿನ ಥರದ ಹೊಸ ಮಷಿನ್ ಬಂದಾವು, ಬ್ಯಾಗನ್ನ ಎಲ್ಲಾ ಮಗ್ಗಲದಿಂದ ನೋಡ್ತಾವು, ಹಿಂಗಾಗಿ ಎಡಿನ್‌ಬರಾ, ಬರ್ಮಿಂಗ್‌ಹ್ಯಾಮ್‌ನಂಥ ಕಡೆ 2025ರಾಗ 2 ಲೀಟರ್ ತನಕ ಬಿಟ್ರು, ಚೀಲದಿಂದ ಹೊರಗ ತಗಿಯೋದೂ ಬ್ಯಾಡ. ಎಲ್ಲಾ ಏರ್‌ಪೋರ್ಟಿನ್ಯಾಗ ಹಂಗಿಲ್ಲ, ಒಂದ ದೇಶದಾಗ ಎರಡು ಊರಿಗೆ ಎರಡು ನಿಯಮ. ಅಲ್ಲಿಂದ ವಾಪಸ್ ಬರೋರು ಅರ್ಧ ಲೀಟರ್ ಲೋಷನ್ ಕೈಯಾಗ ಹಿಡಕೊಂಡು ಹತ್ತಬಹುದು, ನಡುವ ವಿಮಾನ ಬದಲ ಮಾಡೋ ಊರಾಗ ಮತ್ತ ತಪಾಸಣೆ ಇದ್ರ ಅಲ್ಲಿ ಹಳೇ ಲೆಕ್ಕಾನ ಇರಬಹುದು. ಡ್ಯೂಟಿ ಫ್ರೀ ಸಾಮಾನಿಗೂ ಇದ ತ್ರಾಸು, ಅವರು ಸೀಲ್ ಮಾಡಿ ಬಿಲ್ ಒಳಗಿಟ್ಟು ಕೊಡೋ ಚೀಲಾನ ಮನಿ ಮುಟ್ಟೋತನಕ ಒಡಿಬ್ಯಾಡ್ರಿ.

ಇನ್ನ ಬಾಟ್ಲಿ ಬಗ್ಗೆ. ಸಿಲಿಕಾನ್ ಮೆತ್ತಗ ಐತಿ, ಒತ್ತಿದ್ರ ಶಾಂಪೂ ಬರ್ತೈತಿ, ಮುಚ್ಚಳ ಟಕ್ ಅಂತ ಕೂಡ್ತೈತಿ. ಆದ್ರ ಕಂಠಮಟ ತುಂಬಬ್ಯಾಡ್ರಿ. ವಿಮಾನ ಮ್ಯಾಲ ಹೋದಂಗ ಒಳಗಿನ ಗಾಳಿ ಒತ್ತಡ ಕಮ್ಮಿ ಆಗ್ತೈತಿ, ಬಾಟ್ಲಿಯೊಳಗಿನ ಗಾಳಿ ಹಿಗ್ಗಿ ಬಾಯಿಂದ ಸಾಮಾನು ಹೊರಗ ನೂಕ್ತೈತಿ. ಮುಕ್ಕಾಲು ತುಂಬಿ, ಬಾಟ್ಲಿ ಹಿಂಡಿ ಗಾಳಿ ಹೊರಗ ಹಾಕಿ, ಹಿಂಡಿಕೊಂಡ ಮುಚ್ಚಳ ಹಾಕಬೇಕು, ಹಂಗ ಮಾಡಿದ್ದು ಒಂದು ಹನಿ ಸೋರಲಿಲ್ಲ. ಕೊಬ್ಬರಿ ಎಣ್ಣಿಗೆ ಈ ಬಾಟ್ಲಿ ಉಪಯೋಗ ಇಲ್ಲ. 24 ಡಿಗ್ರಿ ಕೆಳಗ ಇಳದ್ರ ಎಣ್ಣಿ ಗಟ್ಟಿ ಆಗ್ತೈತಿ, ಸಣ್ಣ ತೂತಿನಿಂದ ಬರಂಗಿಲ್ಲ, ಅತ್ತಿಯವರು ಎಷ್ಟ ಹಿಂಡಿದ್ರೂ ಬರಲಾರದ ಕಡೀಕೆ ಬಾಟ್ಲಿ ಬಗಲಾಗ ಇಟಗೊಂಡು ಕಾಸಿದ್ರು. ವಾಸನಿ ಬ್ಯಾರೆ ಸಿಲಿಕಾನಿಗೆ ಹಿಡದ್ರ ಹೋಗಂಗಿಲ್ಲ, ಸಾಬಾಣ ಹಚ್ಚಿ ತೊಳದ ಮ್ಯಾಲೂ ಐತಿ. ಎಣ್ಣಿಗೆ ಆ ಅಗಲ ಬಾಯಿ ಡಬ್ಬಿನ ಛಲೋ.

ಪೌಚ್ ಅಂತೂ ಬರೇ ದೇಖಾವಿ. ಬ್ರಿಟನ್ನಿನ ಹಳೇ ಲೆಕ್ಕದ ಏರ್‌ಪೋರ್ಟಿನ್ಯಾಗ ಚೀಲ 20 ಸೆಂಟಿಮೀಟರ್‌ಗೆ 20 ಇರಬೇಕು, ಇದು ಅಳದ್ರ ಎರಡೂ ಕಡೆ ಅದಕ್ಕಿಂತ ದೊಡ್ಡದೈತಿ, ಬುಡದಾಗ ಪಟ್ಟಿ ಬ್ಯಾರೆ ಕೊಟ್ಟಾರ. ಹೊಲಿಗಿ ಮೊದಲನೇ ಪ್ರಯಾಣದಾಗ ಬಿಚ್ಚಿತು, ಒಂದ ಮೂಲ್ಯಾಗ ದಾರ ಜೋತಾಡಾಕತ್ತೇತಿ. ಕಿರಾಣಿ ಅಂಗಡ್ಯಾಗ ಸಿಗೋ ಒಂದ ಲೀಟರಿನ ಜಿಪ್‌ಲಾಕ್ ಕವರ್ ಇದಕ್ಕಿಂತ ಎಷ್ಟೋ ವಾಸಿ.

ಇನ್ಸುಲಿನ್, ಔಷಧ, ಕೂಸಿನ ಹಾಲು ಇವಕ್ಕೆಲ್ಲಾ 100ರ ಮಿತಿ ಇಲ್ಲ, ಡಾಕ್ಟರ್ ಚೀಟಿ ಜೋಡಿ ಇಟ್ಟು ಮುಂಚೇನ ತೋರಸ್ರಿ, ಇದಕ್ಕ ಸೆಟ್ ಬೇಕಾಗಿಲ್ಲ. ಪೇಡೆ, ಕರದಂಟು ಗಟ್ಟಿ ಪದಾರ್ಥ, ಸೆಕ್ಯೂರಿಟಿಯವರು ತಕರಾರು ತಗಿಯಂಗಿಲ್ಲ. ಹಾಲಿನ ಪದಾರ್ಥ ದೇಶದ ಒಳಗ ಬಿಡೋದು ಬಿಡದಿರೋದು ಅಲ್ಲಿ ಇಳದ ಮ್ಯಾಲೆ ಕಸ್ಟಮ್ಸಿನವರ ಕೆಲಸ, ಬ್ರಿಟನ್, ಆಸ್ಟ್ರೇಲಿಯಾ ಎರಡೂ ಆ ವಿಷಯದಾಗ ಭಾಳ ಬಿಗಿ, ಆಸ್ಟ್ರೇಲಿಯಾದಾಗ ತಿನ್ನೋ ಸಾಮಾನು ಒಳಗ ಹೋಗಾಕ ತುಂಬಿ ಕೊಡೋ ಫಾರ್ಮಿನ್ಯಾಗ ಬರೀಲಾರದ ಹೋದ್ರ ದಂಡ ಬೀಳ್ತೈತಿ.

ಬಾಟ್ಲಿಗೆ ಐದಕ್ಕ ನಾಕು, ಪೌಚಿಗೆ ಒಂದು. ಫನೆಲ್ ಮಾತ್ರ ಅಡಗಿಮನ್ಯಾಗ ಎಣ್ಣಿ ಬಗ್ಗಸಾಕ ದಿನಾ ಉಪಯೋಗ ಆಗಾಕತ್ತೇತಿ. ಅದ ಸಾಲಿನ್ಯಾಗ ಬಾಟ್ಲಿ ಬಿಡಿಬಿಡಿಯಾಗೂ ಕೊಡ್ತಾರ, ಕೇಳಿ ತಗೋರಿ, ಎರಡು ಸಾಕಾಗ್ತಾವು.