ಮೈಸೂರು ಸಿಲ್ಕ್, ಇಳಕಲ್, ಉಡುಪಿ: ಆಫೀಸಿಗೆ ಯಾವುದು, ಮದುವೆಗೆ ಯಾವುದು?

ಉಟ್ಟ ಹೊಸದರಲ್ಲಿ ಯಾವ ಸೀರೆಯೂ ಚೆಂದವೇ. ನಾನು ನೋಡುವುದು ಮಧ್ಯಾಹ್ನ ಮೂರರ ಹೊತ್ತಿಗೆ ಅದರ ಅವತಾರ ಹೇಗಿರುತ್ತದೆ ಅಂತ. ಅಷ್ಟರಲ್ಲಿ ಮೆಟ್ರೋದಲ್ಲಿ ನಿಂತು, ಕುರ್ಚಿಯಲ್ಲಿ ಕೂತು, ಡಬ್ಬಿ ಊಟ ಮುಗಿಸಿ ಆಗಿರುತ್ತದೆ. ನನ್ನದು ಬ್ಯಾಂಕಿನ ಕೆಲಸ. ಕೌಂಟರಿಗೂ ಸೀರೆ, ಮೀಟಿಂಗಿಗೂ ಸೀರೆ, ಭಾನುವಾರದ ಮದುವೆಗೂ ಸೀರೆ. ನಮ್ಮ ರಾಜ್ಯದ್ದೇ ಮೂರು ನೇಯ್ಗೆಗಳನ್ನು ಈ ಮೂರು ಕಡೆಗೂ ಉಟ್ಟು ನೋಡಿದ್ದೇನೆ.

ಮೊದಲು ಮೈಸೂರು ಸಿಲ್ಕ್. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಈಗ ಅದು ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ ಕೈಯಲ್ಲಿದೆ. ಹುರಿ ಹಾಕಿದ ನೂಲಿನ ಕ್ರೇಪ್ ಆದ್ದರಿಂದ ಸುಕ್ಕು ಬೀಳುವುದು ಕಮ್ಮಿ. ನೆರಿಗೆ ಒಂದು ಸಲ ಹಿಡಿದರೆ ನೀರು ಇಳಿದ ಹಾಗೆ ಇಳಿಯುತ್ತದೆ. ದಪ್ಪ ಕಾಣುತ್ತೇನೆ ಅನ್ನುವ ಚಿಂತೆ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಂಜೆಯ ಆರತಕ್ಷತೆಗೆ ಕಣ್ಣು ಮುಚ್ಚಿ ಉಡಬಹುದು.

ಆಫೀಸಿಗೆ? ನನಗೆ ಸರಿಹೋಗಲಿಲ್ಲ. ಸೆರಗು ಭುಜದಿಂದ ಜಾರುತ್ತಲೇ ಇರುತ್ತದೆ. ಐಡಿ ಕಾರ್ಡಿನ ಕ್ಲಿಪ್ ಸಿಕ್ಕಿಕೊಂಡರೆ ಎಳೆ ಎದ್ದುಬಿಡುತ್ತದೆ. ಎದುರಿಗೆ ಕೂತ ಗ್ರಾಹಕರ ಜೊತೆ ಮಾತಾಡುವಾಗಲೂ ಅರ್ಧ ಗಮನ ಸೀರೆಯ ಮೇಲೆ. ಕೆಎಸ್‌ಐಸಿಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ. ಅದಕ್ಕೆ ಸೆಂಟ್ ತಾಗಿಸಬಾರದು, ಮನೆಯಲ್ಲಿ ಒಗೆಯಲೂ ನನಗೆ ಧೈರ್ಯವಿಲ್ಲ. ಬೆಲೆಯಂತೂ ಐದಂಕಿ. ಅಷ್ಟು ಕೊಟ್ಟ ಸೀರೆಯಲ್ಲಿ ಬಾಳೆ ಎಲೆ ಮುಂದೆ ಕೂತರೆ, ಸಾರು ಬಡಿಸುವವರು ಹತ್ತಿರ ಬಂದಾಗೆಲ್ಲ ಎದೆ ಧಸಕ್ ಅನ್ನುತ್ತದೆ.

ಇಳಕಲ್ ಬೇರೆಯೇ ಜಾತಿ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನದು. ನನ್ನ ಬಳಿ ಇರುವುದು ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸುಎಳೆ (ಉದ್ದಕ್ಕೆ ಓಡುವ ನೂಲು) ಬೇರೆ, ಸೆರಗಿನ ಹಾಸುಎಳೆ ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸಿ ನೇಯುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಸೆರಗನ್ನು ಬೆಳಕಿಗೆ ಹಿಡಿದರೆ ಆ ಜೋಡಣೆಯ ಗೆರೆ ಕಾಣುತ್ತದೆ. ನಾನು ಉಡುವ ರೀತಿಗೆ ಅದು ಸರಿಯಾಗಿ ಭುಜದ ಹತ್ತಿರವೇ ಬರುತ್ತದೆ, ಅಂದರೆ ಪಿನ್ ಹಾಕುವ ಜಾಗಕ್ಕೇ! ಪಿನ್ನನ್ನು ಎರಡು ಬೆರಳು ಈಚೆಗೆ ಹಾಕಿ. ಇಲ್ಲದಿದ್ದರೆ ವರ್ಷದೊಳಗೆ ಅಲ್ಲೇ ತೂತು.

ಮೀಟಿಂಗ್ ದಿನಕ್ಕೆ ನನ್ನ ಆಯ್ಕೆ ಇದೇ. ಒಡಲಿನಲ್ಲಿ ಸಣ್ಣ ಚೌಕಳಿ, ಅಂಚು ಗಟ್ಟಿ, ಮೈಮೇಲೆ ಅಲ್ಲಾಡದೆ ನಿಲ್ಲುತ್ತದೆ. ಸೆರಗು ಮಡಿಸಿ ಪಿನ್ ಮಾಡಿದರೆ ಬರೀ ಶಿಸ್ತು. ಅದೇ ಸೀರೆಯ ಸೆರಗು ಬಿಟ್ಟರೆ ಕೆಂಪಿನ ಮೇಲೆ ಟೋಪ್ ತೆನಿ ಅನ್ನುವ ಬಿಳಿ ವಿನ್ಯಾಸ ಎದ್ದು ಕಾಣುತ್ತದೆ, ಮದುವೆಗೂ ಆಯಿತು. ಉತ್ತರ ಕರ್ನಾಟಕದ ಕಡೆ ಮದುವೆಗೆ ಉಟ್ಟು ಹೋಗಿ ನೋಡಿ, ಹಿರಿಯರು ಮೊದಲು ಸೆರಗು ಮುಟ್ಟಿ ನೋಡುತ್ತಾರೆ, ಆಮೇಲೆ ನಿಮ್ಮನ್ನು ಮಾತಾಡಿಸುತ್ತಾರೆ. ಒಂದೇ ಒಂದು ಸೀರೆ ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇದನ್ನೇ ಕೊಳ್ಳಿ ಅನ್ನುತ್ತೇನೆ. ಒಂದೇ ತಕರಾರು: ಮೊದಮೊದಲು ಸೆರಗಿನ ಕೆಂಪು ಬಣ್ಣ ಬಿಡುತ್ತದೆ. ತಣ್ಣೀರಿನಲ್ಲಿ ಸೆರಗನ್ನು ಪ್ರತ್ಯೇಕವಾಗಿ ಹಿಡಿದು ಒಗೆಯಬೇಕು, ನೆನೆಸಿಡಲೇಬಾರದು. ಪವರ್‌ಲೂಮಿನ ನಕಲು ಜಾಸ್ತಿ ಇದೆ, ಕೊಂಡಿ ನೋಡಿಯೇ ತಗೊಳ್ಳಿ.

ಉಡುಪಿ ಸೀರೆ ಬಗ್ಗೆ ಬೆಂಗಳೂರಿನಲ್ಲಿ ಅಷ್ಟಾಗಿ ಗೊತ್ತಿಲ್ಲ. ಕರಾವಳಿಯ ಹತ್ತಿ ಕೈಮಗ್ಗ ಇದು. ಮಗ್ಗಗಳು ಒಂದೊಂದೇ ನಿಂತು ಹೋಗುತ್ತಿದ್ದ ಹೊತ್ತಿನಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥವರು ಮತ್ತೆ ಜೀವ ತುಂಬಿದರು. ಹಗುರ, ಸಾದಾ ಒಡಲು, ಬೇರೆ ಬಣ್ಣದ ಅಂಚು. ಕರಾವಳಿಯ ಸೆಕೆಗೇ ಹುಟ್ಟಿದ್ದು, ಹಾಗಾಗಿ ಏಪ್ರಿಲ್‌ನಲ್ಲಿ ಎಸಿ ಕೆಟ್ಟ ದಿನವೂ ತಡೆಯಬಹುದು. ದಿನಾ ಕೌಂಟರಿಗೆ ಇದರ ಮುಂದೆ ಉಳಿದೆರಡೂ ಸೋಲುತ್ತವೆ.

ಆದರೆ ಇಸ್ತ್ರಿ ಕೇಳುತ್ತದೆ. ಗಂಜಿ ಹಾಕದಿದ್ದರೆ ಮೂರು ಗಂಟೆಗೆ ಮುದ್ದೆ. ಗಂಜಿ ಗಟ್ಟಿಯಾದರೆ ನೆರಿಗೆ ಉಬ್ಬಿ ನಿಲ್ಲುತ್ತದೆ. ಅನ್ನದ ಗಂಜಿಯನ್ನು ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಹಾಕಿದರೆ ಹದ ಸಿಗುತ್ತದೆ. ಮದುವೆಗೆ ಉಟ್ಟರೆ ಸ್ವಲ್ಪ ಸಪ್ಪೆ, ಹತ್ತಿರದ ಸಂಬಂಧ ಆದರಂತೂ "ಏನಮ್ಮಾ, ರೇಷ್ಮೆ ಇರಲಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವೈಕುಂಠ ಸಮಾರಾಧನೆಗೋ, ಸಾವಿನ ಮನೆಗೆ ಮಾತಾಡಿಸಿ ಬರಲಿಕ್ಕೋ ಹೊರಟಾಗ ಮಾತ್ರ ಕೈ ತಾನಾಗಿ ಇದರ ಕಡೆಗೇ ಹೋಗುತ್ತದೆ. ಅಂಥ ಕಡೆ ಜರಿ ಉಟ್ಟವರನ್ನು ನೋಡಿದರೆ ನನಗಂತೂ ಕಸಿವಿಸಿ.

ರವಿಕೆಗೆ ಗುಳೇದಗುಡ್ಡದ ಖಣ ಒಂದೆರಡು ಇಟ್ಟುಕೊಂಡಿರಿ. ಇಳಕಲ್‌ಗೆ ಅದು ಹೇಳಿ ಮಾಡಿಸಿದ ಜೋಡಿ. ಸಪ್ಪೆ ಅನ್ನಿಸುವ ಉಡುಪಿ ಸೀರೆಗೂ ಕಳೆ ಬರುತ್ತದೆ. ಖಣದ ಅಗಲ ಕಮ್ಮಿ, ಮೊಳಕೈವರೆಗೆ ತೋಳು ಬೇಕಿದ್ದರೆ ಟೈಲರ್ ಹತ್ತಿರ ಕೇಳಿಕೊಂಡು ಆಮೇಲೆ ಅಂಗಡಿಗೆ ಹೋಗಿ.