ಕಾಸಲ್ ಸೆಟ್ಟೋ, ಲೂಪ್ ಗುರುತ್ವವೋ: ಕೊಡಗಿನ ಎಂ.ಎಸ್ಸಿ. ವಿದ್ಯಾರ್ಥಿಗೊಂದು ಹೋಲಿಕೆ

ಮಡಿಕೇರಿಯ ರಾಜಾಸೀಟಿನಿಂದ ಕಣಿವೆಯ ಮಂಜು ಒಂದೇ ಹಾಸಿನಂತೆ ಕಾಣುತ್ತದೆ. ಅದರೊಳಗೆ ನಡೆದರೆ ಸ್ವೆಟರಿನ ತೋಳಿನ ಮೇಲೆ ಬಿಡಿಬಿಡಿ ಹನಿಗಳು ಕೂರುತ್ತವೆ. ಸ್ಥಳ ಮತ್ತು ಕಾಲ ಒಂದಾಗಿ ಹೆಣೆದ ದೇಶಕಾಲವೂ ಸುಮಾರು 1.6 × 10⁻³⁵ ಮೀಟರಿನ ಪ್ಲಾಂಕ್ ಉದ್ದದಲ್ಲಿ ಹೀಗೆಯೇ ಬಿಡಿಯಾಗಿರಬಹುದೆಂದು, ಗುರುತ್ವವನ್ನೂ ಕ್ವಾಂಟಮ್ ಭೌತಶಾಸ್ತ್ರವನ್ನೂ ಒಂದುಗೂಡಿಸಲು ಹೊರಟ ಕಾಸಲ್ ಸೆಟ್ ಮತ್ತು ಲೂಪ್ ಗುರುತ್ವ ಎಂಬ ಎರಡೂ ಸಿದ್ಧಾಂತಗಳು ಹೇಳುತ್ತವೆ. ಪ್ರಾಜೆಕ್ಟಿಗೆ ಒಂದನ್ನು ಆರಿಸಿಕೊಳ್ಳುವವರು, ಕಾರಣ-ಕಾರ್ಯ ಸಂಬಂಧಕ್ಕೆ ಯಾವುದು ಎಂಥ ಸ್ಥಾನ ಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು.

1987ರಲ್ಲಿ ಬಾಂಬೆಲ್ಲಿ, ಲೀ, ಮೇಯರ್ ಮತ್ತು ಸಾರ್ಕಿನ್ ಮಂಡಿಸಿದ ಕಾಸಲ್ ಸೆಟ್ ಸಿದ್ಧಾಂತದಲ್ಲಿ ಘಟನೆಗಳು ಮತ್ತು ಅವುಗಳ ಹಿಂದು-ಮುಂದಿನ ಕ್ರಮವೇ ಮೂಲ. ದೂರ, ಅವಧಿ, ಗಾತ್ರಗಳೆಲ್ಲ ಆ ಕ್ರಮದಿಂದಲೂ ಘಟನೆಗಳೆಂಬ ಬಿಂದುಗಳ ಎಣಿಕೆಯಿಂದಲೂ ಮೂಡಬೇಕು. ಬಿಂದುಗಳನ್ನು ಕಾಫಿ ಗಿಡಗಳಂತೆ ಸಾಲಾಗಿ ನೆಟ್ಟರೆ ಸಾಲಿನ ದಿಕ್ಕಿಗೆ ವಿಶೇಷ ಮಾನ್ಯತೆ ಬಂದು, ಎಲ್ಲ ವೀಕ್ಷಕರಿಗೂ ನಿಯಮಗಳು ಒಂದೇ ಎನ್ನುವ ಸಾಪೇಕ್ಷತೆ ಕೆಡುತ್ತದೆ. ಆದ್ದರಿಂದ ಅವು ಕಾಫಿ ಕಣದ ಮೇಲೆ ಬಿದ್ದ ಮೊದಲ ಮಳೆಹನಿಗಳಂತೆ ಯಾದೃಚ್ಛಿಕವಾಗಿ ಚೆದುರಿರುತ್ತವೆ. ಈ ಸಿದ್ಧಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಇದೇ. 2009ರಲ್ಲಿ ಫರ್ಮಿ ಬಾಹ್ಯಾಕಾಶ ದೂರದರ್ಶಕವು ದೂರದ ಗಾಮಾ ಕಿರಣ ಸ್ಫೋಟವೊಂದರಿಂದ ಹಿಡಿದ ಸುಮಾರು 31 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಫೋಟಾನು, ಅಂದರೆ ಬೆಳಕಿನ ಕಣ, ಬೆಳಕಿನ ವೇಗ ಶಕ್ತಿಗೆ ತಕ್ಕಂತೆ ಬದಲಾಗುತ್ತದೆಂಬ ಸರಳ ಊಹೆಗಳಿಗೆ ಬಿಗಿಯಾದ ಮಿತಿ ಹಾಕಿತು. ಸಾಪೇಕ್ಷತೆಯನ್ನು ಉಳಿಸಿಕೊಳ್ಳುವ ಈ ದಾರಿಗೆ ಅದರಿಂದ ತೊಂದರೆಯಾಗಲಿಲ್ಲ.

ಅಭಯ್ ಅಷ್ಟೇಕರ್ ಅವರ 1986ರ ಹೊಸ ಚರಗಳಿಂದ ಬೆಳೆದ ಲೂಪ್ ಗುರುತ್ವದಲ್ಲಿ ವಿಸ್ತೀರ್ಣ ಮತ್ತು ಗಾತ್ರಗಳು ಬಿಡಿ ಮೌಲ್ಯಗಳನ್ನಷ್ಟೇ ಪಡೆಯುತ್ತವೆ. ಗಣಿತ ಹೆಚ್ಚು ಪಕ್ವ, ಓದಲು ಸಾಮಗ್ರಿಯೂ ಹೆಚ್ಚು. ಆದರೆ ಕಾಲದ ಹರಿವನ್ನು ಅಲ್ಲಿ ಮರಳಿ ಪಡೆಯುವುದೇ ಕಠಿಣ.

ಜ್ಯಾಮಿತಿಯಲ್ಲಿ ಗಟ್ಟಿಯಾಗಿರುವವರಿಗೆ ಲೂಪ್ ಒಪ್ಪುತ್ತದೆ. ಸಂಭವನೀಯತೆ ಮತ್ತು ಪ್ರೋಗ್ರಾಮಿಂಗ್ ಬಲ್ಲವರು, ಅದರ ಕ್ವಾಂಟಮ್ ಚಲನಶಾಸ್ತ್ರ ಇನ್ನೂ ಅಪೂರ್ಣವೆಂದು ತಿಳಿದೇ, ಕಾಸಲ್ ಸೆಟ್ ಹಿಡಿಯಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇದರ ಮೇಲೆ ಕೆಲಸ ನಡೆದಿರುವುದು ನಮಗೆ ಅನುಕೂಲವೇ.