ಸೈಡ್ ವೀಲ್ ಸ್ಕೂಟರ್ ಅದುರ್ತಿದ್ಯಾ? 'ಬೆಲ್ಟ್ ಟೈಟ್ ಮಾಡಿದೀನಿ' ಅಂದ್ರೆ ನಂಬ್ಬೇಡಿ

ಸೈಡ್ ವೀಲ್ ಗಾಡಿ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿದೆ, ಏಳು ವರ್ಷದಿಂದ ಗೇರ್‌ಲೆಸ್ ಸ್ಕೂಟರ್‌ಗೆ ಹಿಂದೆ ಎರಡೂ ಕಡೆ ಚಕ್ರ ಹಾಕಿಸ್ಕೊಂಡು ಬೆಂಗಳೂರಲ್ಲಿ ರಾಜಾಜಿನಗರದಿಂದ ಗಾಂಧಿನಗರಕ್ಕೆ ಕೆಲಸಕ್ಕೆ ಓಡಾಡ್ತಿದೀನಿ. ಜನ ಮೂರು ಚಕ್ರದ ಗಾಡಿ ಅಂತಾರೆ, ಎಣಿಸಿದ್ರೆ ನಾಲ್ಕು, ಎಂಜಿನ್ ತಿರುಗಿಸೋದು ಮಾತ್ರ ಹಿಂದೆ ಮಧ್ಯದಲ್ಲಿರೋ ಒಂದನ್ನೇ.

ಬೇಸಿಗೆ ಶುರುವಾಗೋ ಹೊತ್ತಿಗೆ ಗಾಡಿ ಅದುರೋಕೆ ಶುರುವಾಯ್ತು. ಸಿಗ್ನಲ್ ಬಿಟ್ಟಾಗ ಗಡಗಡ ನಡುಗಿ ಆಮೇಲೆ ಮುಂದಕ್ಕೆ ಹೋಗೋದು, 35-40 ಸ್ಪೀಡ್‌ಗೆ ಬಂದ್ರೆ ಫುಟ್‌ಬೋರ್ಡ್ ಜುಮ್ ಅಂತ ಅದುರಿ ಕಾಲೆಲ್ಲಾ ಜೋಮು ಹಿಡಿಯೋದು, ಮಿರರ್‌ನಲ್ಲಿ ಹಿಂದಿರೋ ಬಸ್ಸು ಕಲಸಿದಂಗೆ ಕಾಣೋದು. ಆದ್ರೆ ಅಕ್ಸಿಲರೇಟರ್ ಬಿಟ್ಟ ತಕ್ಷಣ ಪೂರ್ತಿ ಕಮ್ಮಿ ಆಗ್ಬಿಡೋದು. ಇದನ್ನ ಮೊದಲನೇ ದಿನಾನೇ ಮೆಕ್ಯಾನಿಕ್‌ಗೆ ಹೇಳಿದ್ದೆ. ಚಕ್ರದ್ದೇ ತೊಂದರೆ ಆಗಿದ್ರೆ ಗಾಡಿ ಓಡ್ತಾ ಇರೋಷ್ಟು ಹೊತ್ತೂ ಅದುರ್ಬೇಕಲ್ವಾ?

"ಸೈಡ್ ವೀಲ್ ಹಾಕ್ಸಿದ್ಮೇಲೆ ಇದೆಲ್ಲಾ ಇದ್ದಿದ್ದೇ ಮೇಡಂ" ಅಂದು ಸೈಡ್ ವೀಲ್ ಬೇರಿಂಗು, ಬುಷ್ಷು ಬದಲಾಯಿಸಿ 1,850 ರೂಪಾಯಿ ತಗೊಂಡ್ರು. ಎರಡು ದಿನ ಸರಿ ಇದ್ದಂಗೆ ಅನ್ನಿಸ್ತು, ಮೂರನೇ ದಿನ ಮತ್ತೆ ಅದೇ. ವಾಪಸ್ ಹೋದೆ. ಒಂದು ಗಂಟೆ ಬಿಟ್ಟು ಬನ್ನಿ ಅಂದ್ರು, ಹೋದ್ರೆ "ಬೆಲ್ಟ್ ಲೂಸಾಗಿತ್ತು, ಟೈಟ್ ಮಾಡಿದೀನಿ, 400 ಕೊಡಿ" ಅಂದ್ರು. ಫೋನಲ್ಲಿ ಒಂದು ವಿಡಿಯೋ ಕೂಡ ತೋರ್ಸಿದ್ರು, ಕ್ಯಾನ್-ಆಮ್ ಸ್ಪೈಡರ್ ಅಂತ ದೊಡ್ಡ ಬೈಕು, ಮುಂದೆ ಎರಡು ಚಕ್ರ ಹಿಂದೆ ಒಂದು, ಅದರ ಬೆಲ್ಟ್ ಅದುರೋದನ್ನ ಟೈಟ್ ಮಾಡಿ ಸರಿ ಮಾಡ್ತಿದ್ರು. ನಾನು ನಂಬಿದೆ.

ಅಲ್ಲೇ ನಾನು ಮೋಸಹೋಗಿದ್ದು. ಆ ಬೈಕಲ್ಲಿ ಇರೋದು ಹಲ್ಲಿನ ಬೆಲ್ಟು, ಚೈನ್ ಬದಲು ನೇರ ಹಿಂದಿನ ಚಕ್ರಕ್ಕೆ ಹೋಗುತ್ತೆ, ಉದ್ದ ಇರೋದ್ರಿಂದ ಒಂದು ಸ್ಪೀಡಲ್ಲಿ ಮೀಟಿದ ತಂತಿ ಥರ ಅದುರುತ್ತೆ, ಅದನ್ನ ಟೈಟ್ ಮಾಡೋಕೆ ಜಾಗ ಇದೆ, ಬೇಕಂದ್ರೆ ಒತ್ತಿ ಹಿಡಿಯೋ ಸಣ್ಣ ಪುಲ್ಲಿನೂ ಹಾಕ್ತಾರೆ. ನಮ್ಮ ಸ್ಕೂಟರ್ ಬೆಲ್ಟ್ ಬೇರೇನೇ. ಎಡಗಡೆ ಕವರ್ ಒಳಗೆ ಮುಂದೆ ವೇರಿಯೇಟರ್ ಅಂದ್ರೆ ಎಂಜಿನ್ ಕಡೆ ಪುಲ್ಲಿ, ಹಿಂದೆ ಚಕ್ರದ ಕಡೆ ಕ್ಲಚ್ ಪುಲ್ಲಿ, ಎರಡರ ಮಧ್ಯೆ ವಿ ಆಕಾರದ ಬೆಲ್ಟು. ಎಂಜಿನ್ ಜೋರಾದಂಗೆ ವೇರಿಯೇಟರ್ ಒಳಗಿರೋ ರೋಲರ್ ಅನ್ನೋ ಸಣ್ಣ ಗುಂಡು ತೂಕಗಳು ಹೊರಕ್ಕೆ ಸರಿದು ಬೆಲ್ಟನ್ನ ಮೇಲಕ್ಕೆ ಏರಿಸ್ತವೆ, ಹಿಂದಿನ ಸ್ಪ್ರಿಂಗು ತಾನಾಗೇ ಬಿಗಿ ಹಿಡಿಯುತ್ತೆ. ಟೈಟ್ ಮಾಡೋ ಬೋಲ್ಟೇ ಇಲ್ಲ ಅದರಲ್ಲಿ! ಸವೆದ ಬೆಲ್ಟಿಗೆ ಹೊಸ ಬೆಲ್ಟೇ ಗತಿ. ಇಲ್ಲದ ಕೆಲಸಕ್ಕೆ 400 ಕೊಟ್ಟಿದ್ದು ಹೋಗ್ಲಿ, ಸರಿ ಹೋಯ್ತು ಅಂದ್ಕೊಂಡು ಇನ್ನೂ ಮೂರು ವಾರ ಅದೇ ಬೆಲ್ಟಲ್ಲಿ ಓಡಾಡಿದ್ನಲ್ಲ, ಅದೇ ನನಗೆ ಇವತ್ತಿಗೂ ಸಂಕಟ.

ಒಂದು ಸಂಜೆ ಆನಂದರಾವ್ ಸರ್ಕಲ್ ಫ್ಲೈಓವರ್ ಹತ್ತುತ್ತಿದ್ದೆ, ಒಳಗಿಂದ ಪಟ್ ಅಂತ ಸದ್ದು. ಎಂಜಿನ್ ಕೂಗ್ತಾ ಇದೆ, ಗಾಡಿ ಮುಂದಕ್ಕೆ ಹೋಗ್ತಿಲ್ಲ. ಒಂದು ಕ್ಷಣ ನಿಂತು ಹಿಂದಕ್ಕೆ ಜಾರೋಕೆ ಶುರುವಾಯ್ತು, ಹಿಂದೆ ಬಸ್ಸು. ಎರಡೂ ಬ್ರೇಕ್ ಹಿಡಿದು ಕೂತೆ, ಇಳಿದು ತಳ್ಳೋಕೆ ನನ್ನ ಕೈಲಾಗಲ್ಲ. ಆಟೋದವರೊಬ್ಬರು ಪಕ್ಕಕ್ಕೆ ಬಂದು ಎಲ್ಲರಿಗೂ ಮಾಡೋ ಥರ ಕಾಲು ಕೊಟ್ಟು ತಳ್ಳೋಣ ಅಂತ ನೋಡಿದ್ರು, ಆದ್ರೆ ಸೈಡ್ ವೀಲ್ ಚಾಚಿಕೊಂಡಿರೋದ್ರಿಂದ ಕಾಲೇ ಎಟುಕಲಿಲ್ಲ. ಕೊನೆಗೆ ಆಟೋ ನಿಲ್ಸಿ ಇಳಿದು "ಅಕ್ಕ, ನಾನು ಹಿಡ್ಕೊಂಡಿದೀನಿ, ನಿಧಾನಕ್ಕೆ ಬ್ರೇಕ್ ಬಿಡಿ" ಅಂದು ಇನ್ನೊಬ್ಬ ಹುಡುಗನ ಜೊತೆ ಮೇಲಿನವರೆಗೂ ಕೈಯಲ್ಲೇ ತಳ್ಳಿದ್ರು. ಅವರ ಹೆಸರು ಕೇಳೋಕೂ ಆಗ್ಲಿಲ್ಲ ಅವತ್ತು.

ಬೇರೆ ಮೆಕ್ಯಾನಿಕ್ ಹತ್ರ ನನ್ನ ಕಣ್ಣೆದುರೇ ಕವರ್ ಬಿಚ್ಚಿಸ್ದೆ. ಒಳಗೆಲ್ಲಾ ಕಾಡಿಗೆ ಥರ ಕರೀ ಪುಡಿ. ಬೆಲ್ಟಿನ ಅಂಚಲ್ಲಿ ದಾರ ಎದ್ದು ಬಂದು ಹಳೇ ಗೋಣಿಚೀಲದಂಗೆ ಆಗಿತ್ತು, ಬಾಗೋಕೆ ಅನುಕೂಲ ಆಗ್ಲಿ ಅಂತ ಈ ವಿ ಬೆಲ್ಟಿನ ಒಳಬದಿಗೂ ಇರೋ ಹಲ್ಲುಗಳ ಬುಡದಲ್ಲಿ ಬಿರುಕು. ಆರು ರೋಲರ್‌ಗಳಲ್ಲಿ ನಾಲ್ಕು ಒಂದು ಕಡೆ ಚಪ್ಪಟೆ. ಮೊದಲಿನ ಮೆಕ್ಯಾನಿಕ್ ಯಾವತ್ತೋ ಗ್ರೀಸ್ ಬಳಿದು, ಅದು ಸಿಡಿದು ಬೆಲ್ಟ್ ಮೈ ಗಾಜಿನಂಗೆ ಹೊಳೀತಿತ್ತು, ಹಂಗಾದ್ರೆ ಬೆಲ್ಟ್ ಹಿಡಿತ ತಪ್ಪಿ ಜಾರುತ್ತೆ. ಸೈಡ್ ವೀಲ್, ಅದರ ಫ್ರೇಮಿನ ತೂಕ ಸೇರಿದ್ರೆ ಬೆಲ್ಟಿಗೆ ಭಾರ ಜಾಸ್ತಿ, ಹಂಗಾಗಿ ಮಾಮೂಲಿ ಸ್ಕೂಟರ್‌ಗೆ ಹೇಳೋ ಕಿಲೋಮೀಟರ್ ತನಕ ನಾವು ಕಾಯೋದು ಬೇಡ.

ಅದಕ್ಕೇ ಹೇಳ್ತಿದೀನಿ, ಅಕ್ಸಿಲರೇಟರ್ ಕೊಟ್ಟಾಗ ಮಾತ್ರ ಅದುರ್ತಿದ್ರೆ ಚಕ್ರಕ್ಕೆ ದುಡ್ಡು ಹಾಕೋಕೆ ಮುಂಚೆ ಎಡಗಡೆ ಕವರ್ ಬಿಚ್ಚಿಸಿ, ಪಕ್ಕದಲ್ಲೇ ಕೂತು ನೋಡಿ. ಬೆಲ್ಟಿನ ಅಗಲ ವರ್ನಿಯರ್ ಅಳತೆಗೋಲಲ್ಲಿ ಅಳೆಸಿ, ಎಷ್ಟರವರೆಗೆ ಸವೀಬಹುದು ಅನ್ನೋದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಗಾಡಿ ಸ್ಪೇರ್ ಪಾರ್ಟ್ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಬೆಲ್ಟ್ ತಗೊಳ್ಳೋದಾದ್ರೆ ಹಳೇದನ್ನ ತೋರಿಸಿ "ಇದೇ ಥರದ್ದು" ಅನ್ಬೇಡಿ, ಗಾಡಿ ಮಾಡೆಲ್ಲು, ವರ್ಷ ಹೇಳಿ ಪಾರ್ಟ್ ನಂಬರ್ ನೋಡಿ ತಗೊಳ್ಳಿ, ನೋಡೋಕೆ ಒಂದೇ ಥರ ಇದ್ರೂ ಅಗಲ ಉದ್ದ ಸ್ವಲ್ಪ ಬೇರೆ ಇದ್ರೆ ಮತ್ತೆ ಅದೇ ಗೋಳು. ಬೆಲ್ಟ್ ಮೇಲೆ ಬಾಣದ ಗುರುತಿದ್ರೆ ಅದು ತಿರುಗೋ ದಿಕ್ಕಿಗೇ ಇರ್ಬೇಕು. ಬಿಚ್ಚಿದ ಹಳೇ ಬೆಲ್ಟ್ ಕೇಳಿ ಇಸ್ಕೊಳ್ಳಿ. ನಂದು ಇನ್ನೂ ಡಿಕ್ಕಿಯಲ್ಲೇ ಇದೆ, ಇಂಥ ಗಾಡಿ ಇರೋರು ಯಾರು ಸಿಕ್ಕಿದ್ರೂ ತೆಗೆದು ಆ ದಾರ ಎದ್ದಿರೋ ಅಂಚು ತೋರಿಸ್ತೀನಿ.